ಫ್ಯಾನಿಗೆ ಸುತ್ತಿಕೊಂಡ ಶುಭಾಶಯ

ಲೋ ಮಾರಾಯ,

ಇಂಗ್ಲೆಂಡಿನ ಕಾಲುವೇಲಿ ಏಳಡಿ ಅಗಲದ ಉದ್ದನೆ ದೋಣೀಲಿ ಹೋಗಿದ್ದು, ಅದು ಗಕ್ಕನೆ ನಿಂತಿದ್ದು, ಹಿಂದ್ಗಡೆ ಮುಚ್ಚಳ ತೆಗ್ದು ಕೈ ಬಿಟ್ರೆ ನೀರಲ್ಲಿ ತಿರುಗಿ ದೋಣಿ ತಳ್ಳೋ ಫ್ಯಾನಿಗೆ ಯಾರ್ದೋ ಪ್ಯಾಂಟ್ ಸುತ್ಕೊಂಡಿದ್ದು ಎಲ್ಲಾ ಬರ್ದಿದ್ಯಲ್ಲ, ಓದಿ ಬಿದ್ದು ಬಿದ್ದು ನಕ್ಕಿದ್ದೆ. ಈಗ ನೀ ನಗು.

ಹೋದ ಭಾನುವಾರ ಶರಾವತಿ ಹಿನ್ನೀರಿಗೆ ಹೋಗಿದ್ವಿ. 2025ರ ಜುಲೈಲಿ ಸಿಗಂದೂರು ಸೇತುವೆ ಓಪನ್ ಆದ್ಮೇಲೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯೋ ರಗಳೆ ಇಲ್ಲ, ಕಾರಲ್ಲಿ ಭರ್ರಂತ ದಾಟ್ಬೋದು, ಆದ್ರೆ ಮಕ್ಳಿಗೆ ನೀರ ಮೇಲೇ ಹೋಗ್ಬೇಕಂತೆ. ಭಾವನಿಗೆ ಗುರ್ತಿದ್ದೋರು ತುಮರಿ ಕಡೆ ಒಬ್ರು ದೋಣಿ ಕೊಟ್ರು, ಹಳೇ ಮೋಟಾರ್, ದಾರ ಎಳ್ದು ಸ್ಟಾರ್ಟ್ ಮಾಡೋದು.

ಮೊದಲು ಅಡ್ಡ ಬಂದಿದ್ದು ಮರದ ಬೊಡ್ಡೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಂ ಆದಾಗ ಮುಳುಗಿದ ಕಾಡಿಂದು ಇನ್ನೂ ನಿಂತೇ ಇದಾವೆ. ಡ್ಯಾಂ ತುಂಬಿ 1819 ಅಡಿ ಇದ್ರೆ ತಂಟೆ ಇಲ್ಲ, ಬೇಸಿಗೇಲಿ ಕಣ್ಣಿಗೇ ಕಾಣ್ತವೆ, ಈ ಮಧ್ಯದ ತಿಂಗಳಲ್ಲೇ ನೀರಿಂದ ಒಂದು ಗೇಣು ಕೆಳಗೆ ಹೊಂಚು ಹಾಕಿ ಕೂತಿರ್ತವೆ. ಟಕ್ ಅಂತು. ಇಂಜಿನ್ ಅರಚ್ತಿದೆ, ದೋಣಿ ಅಲ್ಲೇ ಇದೆ. ದೋಣಿಯವ್ರು ತಣ್ಣಗೆ "ಪಿನ್ ಹೋಯ್ತು" ಅಂದ್ರು. ಫ್ಯಾನ್ ಮುರಿಯೋ ಬದ್ಲು ಅದು ಮುರೀಲಿ ಅಂತಾನೇ ಆ ಪಿನ್ ಇರೋದಂತೆ, ಬೀಡಿ ಕಟ್ಟಿನ ಜೊತೆ ಜೇಬಲ್ಲೇ ಇನ್ನೆರಡಿತ್ತು. ಹತ್ತು ನಿಮಿಷದ ಕೆಲಸ.

ಆಮೇಲೆ ಒಂದು ಮೂಲೆಗೆ ಹೋದ್ವಿ ನೋಡು, ಗಾಳಿ ಎಲ್ಲಾ ಕಸ ತಂದು ಅಲ್ಲೇ ಗುಡ್ಡೆ ಹಾಕಿತ್ತು. ಇಂಜಿನ್ ಹಿಂದ್ಗಡೆ ಸಣ್ಣ ಧಾರೆಯಾಗಿ ನೀರು ಚಿಮ್ತಿರುತ್ತಲ್ಲ, ಅದು ನಿಂತೋಯ್ತು, ಅದು ನಿಂತ್ರೆ ಇಂಜಿನ್ನಿಗೆ ತಂಪಿಲ್ಲ, ಸುಟ್ಟೇ ಹೋಗುತ್ತೆ. ಆಫ್ ಮಾಡಿ ಎತ್ತಿದ್ರೆ ಎಂತ ಅಂತೀಯ, ನೈಲಾನ್ ಹಗ್ಗ, ಗೊಬ್ಬರದ ಚೀಲದ ಎಳೆ, ಅದ್ರ ಮೇಲೆ ಬಿಗಿಯಾಗಿ ಒಂದು ಫ್ಲೆಕ್ಸು, ಯಾರಿಗೋ ಹುಟ್ಟುಹಬ್ಬದ ಶುಭಾಶಯ! ಕೀ ಜೇಬಿಗೆ ಹಾಕ್ಕೊಂಡೇ ಫ್ಯಾನಿಗೆ ಕೈ ಹಾಕು ಅಂತ ನೀ ಬರ್ದಿದ್ದು ನೆನಪಾಯ್ತು. ಇದಕ್ಕೆ ಕೀ ಎಲ್ಲಿ ಬಂತು, ಆಫ್ ಮಾಡೋ ಕೆಂಪು ದಾರ ಕಿತ್ತು ಮಗನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡ್ಕೊಂಡಿರು ಅಂದೆ. ಚಾಕು ಯಾರ ಹತ್ರಾನೂ ಇಲ್ಲ. ಕೊನೆಗೆ ಚಿಕ್ಕಪ್ಪ ಕವಳದ ಸಂಚಿಯಿಂದ ಅಡಕತ್ತರಿ ತೆಗೆದ್ರು, ಆ ನೈಲಾನನ್ನ ಗೋಟಡಿಕೆ ಕತ್ತರ್ಸೋ ಹಾಗೆ ಕಟ್ ಕಟ್ ಅಂತ ಕತ್ತರ್ಸಿದ್ರು, ಮಧ್ಯೆ ಒಂದು ಕವಳಾನೂ ಆಯ್ತು.

ಇದೆಲ್ಲ ಆಗ್ತಿರುವಾಗ ನಾನು ಊರ ಜನಕ್ಕೆಲ್ಲ ಬೈತಾ ಇದ್ದೆ, ಜೋರಾಗೇ. ಆಗ ಮಗಳು "ಅಪ್ಪಾ, ನಮ್ಮ ಪ್ಲೇಟು" ಅಂದ್ಲು. ಚಿತ್ರಾನ್ನ ತಿಂದ ಪೇಪರ್ ಪ್ಲೇಟೆಲ್ಲ ಗಾಳಿಗೆ ಹಾರಿ ಬಾತುಕೋಳಿ ಥರ ಸಾಲಾಗಿ ತೇಲ್ಕೊಂಡು ಹೋಗ್ತಿದಾವೆ. ಹುಟ್ಟು ಹಾಕ್ಕೊಂಡು ಹಿಂದೆ ಹಿಂದೆ ಹೋಗಿ ಐದು ಹಿಡಿದ್ವಿ. ಒಟ್ಟು ಏಳಿತ್ತು.

ಸಿಕ್ಕಿದ್ದನ್ನೆಲ್ಲ ಒಂದು ಚೀಲಕ್ಕೆ ತುಂಬಿದ್ವಿ. ದಡದಲ್ಲಿದ್ದ ಒಬ್ರು ಇಲ್ಲೇ ಸುಟ್ಬಿಡಿ ಅಂದ್ರು, ಬೇಡ ಅಂತ ಕಾರಿನ ಡಿಕ್ಕೀಲಿ ಹಾಕ್ಕೊಂಡು ಬಂದೆ, ಸಾಗರ ಮುಟ್ಟೋ ತನಕ ಎಲ್ರೂ ಮೂಗು ಮುಚ್ಕೊಂಡೇ ಕೂತಿದ್ರು. ಬಾಕಿದೆಲ್ಲ ಬೆಳಿಗ್ಗೆ ಕಸದ ಗಾಡಿಗೆ ಹೋಯ್ತು. ಫ್ಲೆಕ್ಸ್ ಮಾತ್ರ ಅಮ್ಮ ಬಿಡ್ಲಿಲ್ಲ, ತೊಳ್ದು ಸೌದೆ ರಾಶಿಗೆ ಹೊದ್ಸಿದಾರೆ. ಅರ್ಧ ಮುಖ ಹರ್ದೋಗಿದೆ, ಉಳಿದರ್ಧ ಕೊಟ್ಟಿಗೆ ಕಡೆ ತಿರುಗಿ ದನಕ್ಕೆ ಕೈ ಮುಗೀತಾ ನಿಂತಿದೆ.

ನಿನ್ನ ಆ ಪ್ಯಾಂಟ್ ಎಂತ ಮಾಡ್ದೆ, ಅದನ್ನ ಬರೀಲೇ ಇಲ್ಲ ನೀನು.