ಮೀಸೆಯ ಹುಡುಗ ಯಾರು?

ಮಾನ್ಯರೆ,

ತಮ್ಮ ಪತ್ರಿಕೆಯ ಕಳೆದ ವಾರದ ಸಿನಿಮಾ ಪುರವಣಿಯಲ್ಲಿ ಫ್ರೆಂಚ್ ನಟಿ ಝಾನ್ ಮೊರೊ (1928–2017) ಅವರ ಕುರಿತ ಬರಹವನ್ನು ಓದಿದೆ. ಅವರನ್ನು ನೆನೆದದ್ದು ಸಂತೋಷವೇ. ಆದರೆ ಮುಕ್ಕಾಲು ಪಾಲು ಜಾಗ ಅವರ ಮದುವೆ, ಪ್ರಣಯಗಳಿಗೇ ಸಂದು, ಜನ ಅವರನ್ನು ಅಷ್ಟೊಂದು ಹಚ್ಚಿಕೊಂಡಿದ್ದಾದರೂ ಏತಕ್ಕೆ ಎಂಬುದು ಹೇಳದೆಯೇ ಉಳಿದಿದೆ.

1958ರ ಒಂದು ಚಿತ್ರದಿಂದ ಅವರು ರಾತ್ರೋರಾತ್ರಿ ತಾರೆಯಾದರು ಎಂದು ಲೇಖಕರು ಬರೆದಿದ್ದಾರೆ. ತಂದೆಯ ವಿರೋಧವನ್ನು ಲೆಕ್ಕಿಸದೆ ನಟನೆ ಕಲಿತ ಮೊರೊ 1947ರಲ್ಲೇ ಪ್ಯಾರಿಸ್ಸಿನ ಕಾಮೆಡಿ ಫ್ರಾನ್ಸೇಸ್ ಎಂಬ ಶತಮಾನಗಳ ಇತಿಹಾಸದ ನಾಟಕ ಸಂಸ್ಥೆಯನ್ನು ಸೇರಿದ್ದರು; ಆ ಚಿತ್ರಕ್ಕೆ ಬರುವಷ್ಟರಲ್ಲಿ ರಂಗಭೂಮಿಯ ದುಡಿಮೆಯ ಜೊತೆಗೆ ಹಲವು ಸಿನಿಮಾಗಳ ಅನುಭವವೂ ಅವರ ಬೆನ್ನಿಗಿತ್ತು. ರಂಗದಲ್ಲಿ ಪಳಗಿದ ನಟಿ ಎಂದರೆ ಏನೆಂಬುದನ್ನು ಚಿಂದೋಡಿ ಲೀಲಾ ಅವರನ್ನು ಕಂಡ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಲೂಯಿ ಮಾಲ್ ನಿರ್ದೇಶಿಸಿದ ಆ ಚಿತ್ರದಲ್ಲಿ ನಾಯಕಿ ಬಾರದ ಪ್ರಿಯಕರನನ್ನು ಹುಡುಕುತ್ತ ರಾತ್ರಿಯಿಡೀ ಪ್ಯಾರಿಸ್ಸಿನ ಬೀದಿಗಳಲ್ಲಿ ಅಲೆಯುತ್ತಾಳೆ. ಛಾಯಾಗ್ರಾಹಕ ಆನ್ರಿ ದೆಕಾ ಅವರು ಮಗುವಿನ ತಳ್ಳುಗಾಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು, ಅಂಗಡಿ ಗಾಜುಗಳಿಂದ ಬೀಳುವ ಬೆಳಕಿನಲ್ಲೇ ಈ ನಡಿಗೆಯನ್ನು ಸೆರೆಹಿಡಿದರು. ಕಣ್ಣಿನ ಕೆಳಗಿನ ಕಪ್ಪು, ಇಳಿದ ತುಟಿಯಂಚು ಯಾವುದನ್ನೂ ಮರೆಮಾಚಿಲ್ಲ. ಹಿನ್ನೆಲೆಯಲ್ಲಿ ಮೈಲ್ಸ್ ಡೇವಿಸ್ ಅವರ ಟ್ರಂಪೆಟ್. ಕೆಲ ವರ್ಷಗಳ ಹಿಂದೆ ವಿದ್ಯಾನಗರದ ಸ್ನೇಹಿತರ ಮನೆಯಲ್ಲಿ ನಾವು ಏಳೆಂಟು ಮಂದಿ ಇದನ್ನು ನೋಡುತ್ತಿದ್ದಾಗ, ಟಾಕೀಸಿನಲ್ಲಿ ಆಪರೇಟರ್ ಆಗಿ ಕೂದಲು ಹಣ್ಣಾದ ಹಿರಿಯರೊಬ್ಬರು, "ಲೈಟೇ ಹಾಕಿಲ್ಲ ನೋಡ್ರಿ ಮೇಡಮ್ಮಾರೆ, ಆದ್ರೂ ಮುಖ ಎಷ್ಟ್ ಮಾತಾಡ್ತೈತಿ!" ಎಂದಿದ್ದರು. ಪುರವಣಿಯ ಇಡೀ ಬರಹದಲ್ಲಿ ಇಂಥ ಒಂದು ಸಾಲಿಗಾಗಿ ನಾನು ಹುಡುಕಿದೆ.

1960ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ, ಅದೇ ಉತ್ಸವದ ತೀರ್ಪುಗಾರರ ಮಂಡಳಿಗೆ ಎರಡು ಬಾರಿ (1975, 1995) ಅಧ್ಯಕ್ಷತೆ, 2000ದಲ್ಲಿ ಫ್ರಾನ್ಸಿನ ಲಲಿತಕಲಾ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ ಎಂಬ ಗೌರವ, ಇವು ಯಾವುವೂ ಬರಹದಲ್ಲಿಲ್ಲ. ಮೊರೊ ಸ್ವತಃ ಚಿತ್ರಗಳನ್ನು ನಿರ್ದೇಶಿಸಿದ್ದರು ಎಂಬುದಂತೂ ಲೇಖಕರ ಗಮನಕ್ಕೇ ಬಂದಂತಿಲ್ಲ.

ಇನ್ನೊಂದು ತಿದ್ದುಪಡಿ. ಬರಹದ ನಡುವೆ ಅಚ್ಚಾದ ಚಿತ್ರದಲ್ಲಿ ದೊಡ್ಡ ಟೋಪಿ ತೊಟ್ಟ, ಚಿಗುರು ಮೀಸೆಯ ಹುಡುಗನನ್ನು 'ಸಹನಟ' ಎಂದು ಪರಿಚಯಿಸಲಾಗಿದೆ. ಅದು 1962ರಲ್ಲಿ ತೆರೆಕಂಡ, ನಿರ್ದೇಶಕ ತ್ರುಫೊ ಅವರ 'ಜೂಲ್ ಎ ಜಿಮ್' ಚಿತ್ರದ ದೃಶ್ಯ. ಗಂಡುವೇಷ ತೊಟ್ಟು, ಮೀಸೆ ಬರೆಸಿಕೊಂಡು, ಇಬ್ಬರು ಗೆಳೆಯರನ್ನು ಹಿಂದಿಕ್ಕಿ ಸೇತುವೆಯ ಮೇಲೆ ಓಡುವ ಆ ಹುಡುಗ ಝಾನ್ ಮೊರೊ ಅವರೇ.

– ನಿವೃತ್ತ ಅಧ್ಯಾಪಕಿ, ಪಿ.ಜೆ. ಬಡಾವಣೆ, ದಾವಣಗೆರೆ