ಅಲಿಕಾಂತೆಯ ಬೆಂಕಿ ಹಬ್ಬ: ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಸ್ಪೇನ್‌ಗೆ ಹೊರಟಿರುವವರು 24ರ ರಾತ್ರಿ ಅಲಿಕಾಂತೆಯಲ್ಲೇ ಇರಿ, ದಯವಿಟ್ಟು ತಪ್ಪಿಸಿಕೊಳ್ಳಬೇಡಿ. ಅಂದು ಸಂತ ಯೋಹಾನನ ಹಬ್ಬ. ರಾತ್ರಿ ತೀರಾ ಚಿಕ್ಕದಾಗುವ ಈ ಹೊತ್ತಿಗೆ ಹಳೇ ಸಾಮಾನು ಸುಡುವ ರೂಢಿ ಅಲ್ಲಿ ಹಿಂದಿನಿಂದಲೂ ಇತ್ತು. 1928ರಲ್ಲಿ ಅದು ಇಡೀ ಊರಿನ ಹಬ್ಬವಾಯಿತು.

ಬೀದಿ ಬೀದಿಯಲ್ಲಿ ಮನೆಯೆತ್ತರದ ಬಣ್ಣದ ಗೊಂಬೆಗಳು. ನಡುರಾತ್ರಿ ಸಾಂತಾ ಬಾರ್ಬರಾ ಕೋಟೆಯ ಮೇಲೆ ಬಾಣಬಿರುಸು ತಾಳೆಮರದ ಹಾಗೆ ಅರಳುತ್ತದೆ. ಅದೇ ಸನ್ನೆ, ಗೊಂಬೆಗಳಿಗೆ ಬೆಂಕಿ! ಜನ ಮತ ಹಾಕಿ ಉಳಿಸಿಕೊಂಡ ಗೊಂಬೆ ಮಾತ್ರ ಮ್ಯೂಸಿಯಂ ಸೇರುತ್ತದೆ. ಧಗೆ ಜಾಸ್ತಿಯಾದಂತೆ ಜನ ನೀರಿಗಾಗಿ ಕೂಗುತ್ತಾರೆ. ಬೆಂಕಿ ಆರಿಸುವವರು ಪೈಪನ್ನು ಇವರತ್ತಲೇ ತಿರುಗಿಸಿ ತೋಯಿಸಿಬಿಡುತ್ತಾರೆ. ನನಗೆ ತುಂಬಾ ಇಷ್ಟವಾದ ಪದ್ಧತಿ ಇದೇ.

ಹತ್ತಿ ಬಟ್ಟೆ ಹಾಕಿಕೊಳ್ಳಿ, ಫೋನ್‌ಗೆ ಪ್ಲಾಸ್ಟಿಕ್ ಕವರ್ ಇರಲಿ. ಮೀನು ತಿನ್ನುವವರು ಟ್ಯೂನಾ ಮೀನು ತುಂಬಿದ, ಕೋಕಾ ಎಂಬ ರೊಟ್ಟಿಯಂಥ ತಿಂಡಿ ಕೇಳಿ. ಜೊತೆಗೆ ಅಂಜೂರದ ಹಣ್ಣು.