ಭುಜದ ಮೂಳೆ ಮುರಿದರೂ ಆಡಲು ಬಂದವನು

ಸಂಪಾದಕರೇ,

ಬಿಡದೆ ಆಡಿದ ಬೇಸ್‌ಬಾಲ್ ಆಟಗಾರ ಅಂದರೆ ಎಲ್ಲರೂ ಅಮೆರಿಕದ ಕ್ಯಾಲ್ ರಿಪ್ಕನ್ ಹೆಸರು ಹೇಳುತ್ತಾರೆ. ಸತತ 2,632 ಪಂದ್ಯ, ಸುಮ್ನೆ ಮಾತಲ್ಲ. ಆದರೆ ನನಗೆ ಜಾಸ್ತಿ ಕಾಡುವುದು ಜಪಾನಿನ ಸಾಚಿಯೊ ಕಿನುಗಾಸಾ.

ಹಿರೋಷಿಮಾ ಕಾರ್ಪ್ ತಂಡದವರು. 1970ರಿಂದ 1987ರವರೆಗೆ ಒಂದೂ ಪಂದ್ಯ ತಪ್ಪಿಸದೆ 2,215 ಆಡಿದರು. ಅಮೆರಿಕದ ಹಳೇ ಆಟಗಾರ ಲೂ ಗೆಹ್ರಿಗ್ 1939ರಲ್ಲಿ ಕಾಯಿಲೆಯಿಂದ ನಿಲ್ಲಿಸಿದಾಗ ಅವರ ಸತತ ಪಂದ್ಯಗಳು 2,130 ಆಗಿದ್ದವು, ಅದನ್ನು ಮೊದಲು ದಾಟಿದವರು ಇವರೇ.

1979ರ ಆಗಸ್ಟ್ 1ರಂದು ಚೆಂಡು ಬಡಿದು ಅವರ ಭುಜದ ಹಿಂದಿನ ಮೂಳೆ ಮುರಿಯಿತು. ಮಾರನೇ ದಿನವೇ ಬೇರೊಬ್ಬರ ಬದಲಿಗೆ ಬ್ಯಾಟ್ ಹಿಡಿದು ಬಂದರು. ಮೂರು ಎಸೆತ ಬಂದವು, ಮೂರಕ್ಕೂ ಮೈಯೆಲ್ಲಾ ತಿರುಗಿಸಿ ಪೂರ್ತಿ ಬಲದಿಂದ ಬ್ಯಾಟ್ ಬೀಸಿದರು, ಒಂದೂ ತಗಲಲಿಲ್ಲ, ಔಟಾದರು. ದಾಖಲೆ ಉಳಿಸೋಕೆ ಬಂದರು ಅಂತ ಕೆಲವರು ಹೇಳಬಹುದು, ನಾನು ಒಪ್ಪುವುದಿಲ್ಲ. ದಾಖಲೆಗೆ ಸುಮ್ನೆ ನಿಂತು ಹೋಗಿದ್ದರೂ ಸಾಕಿತ್ತು ಅಲ್ವಾ? ಮುರಿದ ಮೂಳೆ ಇಟ್ಟುಕೊಂಡು ಅಷ್ಟು ಜೋರಾಗಿ ಬೀಸಬೇಕಿರಲಿಲ್ಲ. (ಇಂಥ ನೋವಲ್ಲಿ ಆಡೋದು ಸರೀನಾ ಅನ್ನುವುದು ಬೇರೆ ಪ್ರಶ್ನೆ. ಇವತ್ತಿನ ವೈದ್ಯರು ಖಂಡಿತ ಬಿಡುವುದಿಲ್ಲ, ಬಿಡಲೂ ಬಾರದು.)

1996ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ರಿಪ್ಕನ್ ಈ 2,215ನ್ನು ದಾಟಿದಾಗ ಕಿನುಗಾಸಾ ಅಲ್ಲೇ ಕ್ರೀಡಾಂಗಣದಲ್ಲಿದ್ದರು. ತಮ್ಮ ದಾಖಲೆ ಮುರಿಯುವುದನ್ನು ನೋಡಲು ಸಾಗರ ದಾಟಿ ಬಂದಿದ್ದರು. 2018ರಲ್ಲಿ ತೀರಿಕೊಂಡರು. ನಿಮ್ಮ ಕ್ರೀಡಾ ಪುಟದಲ್ಲಿ ಇವರ ಬಗ್ಗೆ ಒಂದು ಪೂರ್ತಿ ಲೇಖನ ಬರಲಿ, ದಯವಿಟ್ಟು.

ನಿಮ್ಮ ಓದುಗ